ಹೋಗಿಟ್ಟು

ಭದ್ರಾವತಿಯ ಸಂಜೆ ಕಾಲೇಜು. ಏಳನೇ ನಂಬರ್ ಕೋಣೆ.
ಟ್ಯೂಬ್‌ಲೈಟು ಹತ್ತಲೋ ಬೇಡವೋ ಎಂದು ಯೋಚಿಸುತ್ತಿತ್ತು.
ಹಾಲೇಶಪ್ಪ ಮೇಷ್ಟ್ರು ಪಂಚೆಯ ಚುಂಗಿನಲ್ಲಿ ಕನ್ನಡಕ ಒರೆಸಿ
ಅಮೆರಿಕಾ ತೆಗೆದರು, ಪುಟ ನೂರಾ ಹನ್ನೊಂದು.

"ಸಹಿ ಹಾಕಿದ ದಿನ ದೇಶ ಆಯ್ತು, ಒಪ್ಪೋಣ.
ಜನ ಯಾವತ್ತು ಆದರು?
ನಾವು ಅವರಲ್ಲ ಅನ್ನೋದು ಒಂದು ದಿನದ ಕೆಲಸ.
ನಾವು ಯಾರು ಅನ್ನೋದಕ್ಕೆ ಐವತ್ತು ವರ್ಷ ಹಿಡೀತು."

ಶಾಲೆಯ ಮೇಷ್ಟ್ರೊಬ್ಬ ಕಾಗುಣಿತ ತಿದ್ದಲು ಕೂತನಂತೆ,
ಬಣ್ಣ ಅನ್ನುವ ಪದದಿಂದ ಒಂದಕ್ಷರ ಕಿತ್ತು ಹಾಕಿದನಂತೆ.
ಬಣ್ಣವೇನೂ ಮಾಸಲಿಲ್ಲ.
ಮನೆಗೆಲಸದವಳು ಆಳು ಅಂದರೆ ತಿರುಗಿ ನೋಡುತ್ತಿರಲಿಲ್ಲವಂತೆ,
ನೆರವಿಗೆ ಬಂದವಳು ಅನ್ನಬೇಕಂತೆ.
ನಡು ಬಗ್ಗಿಸುವುದು ಬಿಟ್ಟು ಕೈ ಕುಲುಕಿದರಂತೆ,
ಗಬಗಬ ಉಂಡು ಏಳುತ್ತಿದ್ದರಂತೆ; ಕಡಲಾಚೆಯ ಹಳಬರು
ಬಂದು ನೋಡಿ, ಮೂಗು ಮುರಿದು, ಊರಿಗೆ ಮರಳಿ ಬರೆದರಂತೆ.

ಕೊನೆಯ ಬೆಂಚಿನಲ್ಲಿ ಏಳುಮಲೈ ಆಕಳಿಸಿದ.
ಅವನದು ರಾತ್ರಿ ಪಾಳಿ. ನನ್ನ ಅಪ್ಪನದೂ.

ಮೂಗು ಮುರಿಯುವುದು ನನಗೆ ಗೊತ್ತಿತ್ತು.
ಧರ್ಮಪುರಿಯ ಮದುವೆಯಲ್ಲಿ ಬಾಯಿ ಬಿಟ್ಟೆ,
ಅತ್ತೆಯರೆಲ್ಲ ಮುಸಿಮುಸಿ: "ಇದೆಂಥ ತಮಿಳೇ ಕನಕಾ,
ಅಕ್ಕಿಗೆ ಕಲ್ಲು ಬೆರೆಸಿದ ಹಾಗೆ!"
ಶಿವಮೊಗ್ಗದಲ್ಲಿ, ದುರ್ಗಿಗುಡಿಯ ಬಟ್ಟೆಯಂಗಡಿಯಲ್ಲಿ,
"ಕಟ್ಟಿ ಇಡಿ, ಹೋಗಿಟ್ಟು ಬರ್ತೀನಿ" ಅಂದೆ.
ಗಲ್ಲಾದವನು ನಕ್ಕ, ಕಲ್ಲಿನಲ್ಲಿ ಅಕ್ಕಿ ಸಿಕ್ಕವನಂತೆ.

ಹೋಗಿಟ್ಟು:
ಅರ್ಧ ಅಮ್ಮನದು, ಅರ್ಧ ನಲ್ಲಿಯ ಸಾಲಿನದು.
ನಮ್ಮ ಕ್ವಾರ್ಟರ್ಸಿನ ನಲ್ಲಿಗೆ ನಾಲ್ಕು ಭಾಷೆ,
ನೀರು ಮಾತ್ರ ದಿನಕ್ಕೆ ಒಂದೇ ಸಲ.
ಬಯ್ಯುವುದಕ್ಕೆ ತೆಲುಗು, ಸಾಲ ಕೇಳುವುದಕ್ಕೆ ಉರ್ದು,
ಪಕ್ಕದ ಮನೆಯ ಬಾಣಂತಿಗೆ ಕಷಾಯ ಕುದಿಸುವಾಗ
ಯಾರ ಬಾಯಿಗೆ ಯಾವುದು ಬಂತೋ ಅದು.
ಹೊತ್ತು ಹೇಳುತ್ತಿದ್ದುದು ಸೈರನ್.
ಬಾಷಾ ಹುಟ್ಟಿದ್ದು ಮೊದಲನೇ ಸೈರನ್ನಿಗೆ,
ಎರಡನೆಯದಕ್ಕೆ ಅಕ್ಕಿ ಇಟ್ಟರೆ ಅಪ್ಪ ಬರುವಷ್ಟರಲ್ಲಿ ಅನ್ನ.
ಯಾವ ಪಂಚಾಂಗದಲ್ಲೂ ಇಲ್ಲದ ಗಳಿಗೆಗಳು.
ಊರೇ ಒಂದು ಕಾಲಕ್ಕೆ ಬೆಂಕಿಪುರ.
ಹೆಸರಿನಿಂದ ಬೆಂಕಿ ತೆಗೆದರು,
ಕುಲುಮೆಯಿಂದ ತೆಗೆಯಲಾಗಲಿಲ್ಲ.

ಪರೀಕ್ಷೆಯಲ್ಲಿ ಬರೆದೆ:
"ಅವರು ಇಂಗ್ಲೆಂಡಿಗೆ ಹೋಗಿಟ್ಟು ಬಂದರೂ
ಇಂಗ್ಲಿಷರಾಗಿ ಬರಲಿಲ್ಲ."
ಸ್ಟಾಫ್ ರೂಮಿನಲ್ಲಿ ಕೈಗೆ ಸಿಕ್ಕಿತೆಂದು ಕನ್ನಡ ಪಂಡಿತರು
ಆ ಒಂದು ಪದಕ್ಕೆ ಕೆಂಪು ಸುತ್ತು ಹಾಕಿದ್ದರು.
ಸುತ್ತಿನ ಹೊರಗೆ ಹಾಲೇಶಪ್ಪನವರ ಹಸಿರು ಶಾಯಿ:
"ಇರಲಿ. ಇದೇ ಉತ್ತರ."
ಅಂಕ ಮಾತ್ರ ಹತ್ತಕ್ಕೆ ಆರು.

ಯಾಕೆಂದು ಕೇಳಲು ಹೋದೆ.
"ಬೆಂಡೆಕಾಯಿ ಬಿಟ್ಟಿದ್ದೀಯಲ್ಲಮ್ಮ" ಅಂದರು.
ಹಡಗಿನ ತಳದಲ್ಲಿ ಸರಪಳಿ ಕಟ್ಟಿಸಿಕೊಂಡು ಹೋದವರು
ಆ ದೇಶದ ಸಾರಿನಲ್ಲಿ ಬೆಂಡೆ ಕುದಿಸಿದ್ದು,
ಹತ್ತಿಯ ಹೊಲದಲ್ಲಿ ಪದ ಕಟ್ಟಿದ್ದು;
ಮೆಕ್ಕೆಜೋಳ ಮೊದಲು ಬಿತ್ತಿದವರನ್ನು
ಅವರದೇ ನೆಲದಿಂದ ಪಡುವಣಕ್ಕೆ ದಬ್ಬಿದ್ದು.
"ಪಠ್ಯದಲ್ಲಿ ಅವರಿಗೆಲ್ಲ ಸೇರಿ ಮೂರು ಸಾಲು.
ನೀನು ಆ ಮೂರನ್ನೂ ಬರೀಲಿಲ್ಲ.
ಬಣ್ಣದಿಂದ ಅಕ್ಷರ ಕಿತ್ತರು, ಬಣ್ಣ ನೋಡೋದು ಬಿಡಲಿಲ್ಲ.
ಬರ್ಕೋ."

ಅವತ್ತು ಅಪ್ಪನ ಬುತ್ತಿ ಹಿಡಿದು ಗೇಟಿನ ಬಳಿ ನಿಂತೆ.
ಒಳಗಿನವರಿಗೆ ಟೋಕನ್ನು, ಮನೆ ನಂಬರು, ದೀಪಾವಳಿಗೆ ಬೋನಸ್ಸು.
ಹೊರಗೆ ಅದಿರು ಇಳಿಸುವವರು
ಇದ್ದಾರೋ ಇಲ್ಲವೋ ಮೇಸ್ತ್ರಿಯ ಬಾಯಲ್ಲಿ.
ನಲ್ಲಿಯಲ್ಲಿ ನಾಲ್ಕು ಭಾಷೆ ಬೆರೆಸಿದ ನಾವು
ಅವರನ್ನು ಒಂದು ಬಿಂದಿಗೆಗೂ ಸಾಲಿಗೆ ಸೇರಿಸಿರಲಿಲ್ಲ.

ಅವರಲ್ಲೊಬ್ಬಳು ಸಿಂಬಿ ಬಿಚ್ಚಿ ಕೆಂಪು ಧೂಳು ಕೊಡವಿ,
ತಂತಿಬೇಲಿಯ ನೆರಳಿಗೆ ಮಗುವನ್ನು ಕೂರಿಸಿ ಹೇಳಿದಳು:
"ಇಲ್ಲೇ ಇರು, ಹೋಗಿಟ್ಟು ಬತ್ತೀನಿ."

ನಮ್ಮಿಂದ ಅವಳಿಗೆ ಹೋಗಿತ್ತೋ, ಅವಳಿಂದ ನಮಗೆ ಬಂದಿತ್ತೋ,
ಕೇಳಬೇಕೆನ್ನುವಷ್ಟರಲ್ಲಿ
ಎರಡನೇ ಸೈರನ್ ಕೂಗಿತು.